ತಿಪ್ಪೆಯಲ್ಲಿ ಒಂದು ಮಡಕೆಯ ಜಾಗ

ಮಾಗಿಯ ಚಳಿ ಇಳಿಯುವ ಹೊತ್ತಿಗೆ ನಮ್ಮೂರಲ್ಲಿ ಅರಗು ಕೆರೆಯುವ ಕೆಲಸ ಸುರುವಾಗುತ್ತದೆ. ಮುತ್ತುಗದ ಟೊಂಗೆ, ಬೋರೆಯ ಟೊಂಗೆ ಕಡಿದು ತಂದು ಓಣಿಯ ಬಾಯಿಗೆ ಒಟ್ಟಿರುತ್ತಾರೆ. ಹೆಂಗಸರು ಬಿಸಿಲಿಗೆ ಬೆನ್ನು ಕೊಟ್ಟು ಕೂತು, ಮೊಂಡು ಕುಡುಗೋಲಿನಿಂದ ಟೊಂಗೆಯ ಮೈಗೆ ಹತ್ತಿದ ಅರಗನ್ನು ಕರಕರ ಕೆರೆದು ಮೊರಕ್ಕೆ ಉದುರಿಸುತ್ತಾರೆ. ಆ ಕೆಂಪು ಹುಡಿ ಅವರ ಸೆರಗಿಗೂ ಹುಬ್ಬಿಗೂ ಮೆತ್ತಿಕೊಂಡು, ಸಂಜೆಗೆ ಊರಿನ ಹೆಂಗಸರೆಲ್ಲ ಒಬ್ಬಳ ಹೊಟ್ಟೆಯಲ್ಲಿ ಹುಟ್ಟಿದವರ ಹಾಗೆ ಕಾಣುತ್ತಾರೆ. ಆ ದಿನ ನಾನು ಚಾವಡಿಯಲ್ಲಿ ಏಣಿ ಹಾಕಿಕೊಂಡು, ತೊಲೆಗೆ ಇಳಿಬಿಟ್ಟಿದ್ದ ಬೋಕಿಗಳನ್ನು ಒಂದೊಂದಾಗಿ ಬಿಚ್ಚಿ, ಧೂಳು ಒರೆಸಿ, ಹೊಸ ದಾರ ಕಟ್ಟುತ್ತಿದ್ದೆ. ಒಂದು ಬೋಕಿ ಎಂದರೆ ಒಂದು ಪಾಕ, ಒಬ್ಬರು ಕಂಡುಕೊಂಡ ಒಂದು ಅಂಟು. ಒಡೆದ ಮಡಕೆಯ ಎರಡು ಚೂರನ್ನು ಯಾರೋ ಒಬ್ಬರು ತಮ್ಮದೇ ರೀತಿಯಲ್ಲಿ ಕೂಡಿಸಿ ತಂದು ತೋರಿಸಿದ್ದು, ಚಾವಡಿ ಒಪ್ಪಿದ್ದು, ಆಮೇಲೆ ಊರಿಗೆಲ್ಲ ಕೇಳುವಂತೆ ಹೆಸರು ಕೂಗಿಸಿದ್ದು. ಗಾಳಿ ಬಂದರೆ ಎಲ್ಲವೂ ಒಂದಕ್ಕೊಂದು ತಾಗಿ ಟಿಣಿಟಿಣಿ ಅನ್ನುತ್ತವೆ. ಮನೆಗಿಂತ ಅಲ್ಲಿ ಕೂತಿರುವುದೇ ನನಗೆ ಸೇರುತ್ತಿತ್ತು.

ನಮ್ಮೂರಿನ ಬದುಕೆಲ್ಲ ಅಂಟಿನ ಮೇಲೆ ನಿಂತದ್ದು. ಬಳೆ, ಬುಗುರಿ, ಕೂರಿಗೆ, ಕಾಳಿನ ವಾಡೆ, ಹೊಳೆಯ ದೋಣಿ, ಯಾವುದನ್ನು ಮುಟ್ಟಿದರೂ ಅದರೊಳಗೆ ಯಾರದೋ ಪಾಕ ಇರುತ್ತದೆ. ಪಾಕಕ್ಕೆ ಹೆಸರು ಕೂಗಿದ ಮೇಲೆ ಅದು ಆ ಹೆಸರಿನವರಿಗೆ, ಅವರ ವಾರಸುದಾರರಿಗೆ, ಅವರ ಅಪ್ಪಣೆ ಪಡೆದವರಿಗೆ ಅಷ್ಟೇ ಹಿಡಿಯುತ್ತದೆ. ಅದೇ ಪಾಕದಿಂದ ಇನ್ನೊಬ್ಬರು ಎಲ್ಲೇ ಏನನ್ನೇ ಕೂಡಿಸಿದ್ದರೂ ಕೂಗಿದ ಗಳಿಗೆಗೇ ಬಿಟ್ಟುಕೊಳ್ಳುತ್ತದೆ. ಹಾಗಾಗಿ ಹೆಸರು ಕೂಗುವ ದಿನ ಊರವರು ಬೆಳಗ್ಗೆಯೇ ಎದ್ದು ಕೂಡಿಸಿದ ಸಾಮಾನನ್ನೆಲ್ಲ ನೆಲಕ್ಕಿಳಿಸಿ ಅದರ ಕೆಳಗೆ ಹುಲ್ಲು ಹಾಸುತ್ತಾರೆ. ಕೂಸುಗಳನ್ನು ತೊಟ್ಟಿಲಿನಿಂದ ಎತ್ತಿಕೊಳ್ಳುತ್ತಾರೆ. ದೋಣಿಯವರು ದಡಕ್ಕೆ ಬರುತ್ತಾರೆ. ಒಂದು ವರ್ಷ ಕೆಳಚಾವಡಿಯವರು ಸರಿಯಾಗಿ ನೋಡದೆ ಒಬ್ಬನ ಅರಗಿನ ಪಾಕಕ್ಕೆ ಹೆಸರು ಕೂಗಿಸಿದರು. ಅದೇ ಹೊತ್ತಿಗೆ ಪಕ್ಕದ ಓಣಿಯಲ್ಲಿ ಅಕ್ಕಿಕಾಳು ಬೀಳುತ್ತಿದ್ದ ಮದುವಣಗಿತ್ತಿಯ ಎರಡೂ ಕೈಯ ಬಳೆ ಪಟಪಟನೆ ಕಳಚಿ ಬಿದ್ದವು. ಗಂಡಿನ ಕಡೆಯವರು ಎದ್ದು ನಿಂತರು. ಹುಡುಗಿಯ ಅಜ್ಜಿ, "ಕೂತ್ಕೋರಿ, ಬಳಿ ಬಿದ್ದಾವು, ಕೈ ಬಿದ್ದಿಲ್ಲ" ಎಂದು ಗದರಿಸಿ ಮದುವೆ ಉಳಿಸಿದಳು. ಇಂಥದ್ದು ಮತ್ತೆ ಆಗಬಾರದೆಂದೇ ಕೆಳಚಾವಡಿಯ ಮೇಲೊಂದು ಮೇಲ್ಚಾವಡಿ ಇರುವುದು. ಕೆಳಗಿನವರು ಹೌದೆಂದದ್ದಕ್ಕೆ ತಕರಾರು ಬಂದರೂ, ಇಲ್ಲವೆಂದದ್ದಕ್ಕೆ ಮೊರೆ ಬಂದರೂ, ಊರಲ್ಲಿ ಇದಕ್ಕೆ ಮೊದಲೇ ಇಂಥದ್ದಿತ್ತೇ ಎಂದು ಮತ್ತೆ ಹುಡುಕಿ ನೋಡುವವನು ಮೇಲ್ಚಾವಡಿಯವನು. ಆಗ ಆ ಜಾಗದಲ್ಲಿದ್ದವನು ನಾನು.

ಮೊರೆ ತಂದವರ ಮನೆಯಲ್ಲಿ ಮೇಲ್ಚಾವಡಿಯವನು ನೀರು ಕುಡಿಯುವ ಹಾಗಿಲ್ಲ. ಅವರ ಎದುರಾಳಿಯ ಮನೆಯಲ್ಲೂ ಇಲ್ಲ. ಅವರ ಬೀಗರ ಮನೆಯಲ್ಲೂ ಇಲ್ಲ. ವರ್ಷವಿಡೀ ಯಾರದಾದರೂ ಒಂದು ತಕರಾರು ಇದ್ದೇ ಇರುವುದರಿಂದ, ಮತ್ತು ನಮ್ಮೂರಲ್ಲಿ ಎಲ್ಲರೂ ಎಲ್ಲರಿಗೂ ಬೀಗರೇ ಆಗಿರುವುದರಿಂದ, ನಾನು ಒಂದು ಮನೆಯ ಹೊಸ್ತಿಲು ದಾಟಿ ಎಷ್ಟೋ ಕಾಲವಾಗಿತ್ತು. ದಾರಿಯಲ್ಲಿ ಸಿಕ್ಕವರು "ಆರಾಮ ಅದೀರಿ?" ಎಂದು ಕೇಳಿ, ಉತ್ತರ ಬರುವ ಮೊದಲೇ ಎರಡು ಹೆಜ್ಜೆ ಮುಂದೆ ಹೋಗಿರುತ್ತಿದ್ದರು. ನಿಂಬೆವ್ವ ಇದ್ದಾಗ ಇದು ಅಷ್ಟಾಗಿ ತಿಳಿದಿರಲಿಲ್ಲ. ನಿಂಬೆವ್ವ ನನ್ನ ಹೆಂಡತಿ. ಮಕ್ಕಳಿಲ್ಲದ ಮನೆಯನ್ನು ಮಾತಿನಿಂದ ತುಂಬಿಸಿಟ್ಟಿದ್ದಳು. ಆಕೆ ತೀರಿಹೋದ ಮೇಲೆ ನಾನೇ ಬೇಳೆ ಬೇಯಿಸಿಕೊಳ್ಳುತ್ತಿದ್ದೆ. ಒಬ್ಬನಿಗೆ ಎಷ್ಟು ಸಾರು ಬೇಕೆನ್ನುವುದು ಕೊನೆಗೂ ಕೈಗೆ ಹತ್ತಲಿಲ್ಲ. ದಿನವೂ ಒಂದು ಸೌಟು ಉಳಿಯುತ್ತಿತ್ತು.

ಕೊನೆಯ ಬೋಕಿಗೆ ದಾರ ಕಟ್ಟುತ್ತಿದ್ದಾಗ ಫಕೀರವ್ವ ಬಂದು ಏಣಿಯ ಕೆಳಗೆ ನಿಂತಳು. ನಲವತ್ತರ ಆಸುಪಾಸಿನ, ಗಟ್ಟಿ ಮೈಯ ಹೆಂಗಸು. ಬಡಿಗೇರ ಕಾಳಪ್ಪನ ಅಂಗಳದಲ್ಲಿ ಇಟ್ಟಂಗಿ ಕುಟ್ಟಿ ಪುಡಿ ಮಾಡುವ ಕೆಲಸಕ್ಕಿದ್ದವಳು. ಗಂಡ ತೀರಿಕೊಂಡ ಮೇಲೆ ಒಂದು ಎಮ್ಮೆ, ಒಂದು ತಿಪ್ಪೆ, ಎರಡು ಕೈ, ಇಷ್ಟೇ ಆಕೆಯ ಆಸ್ತಿ.

"ಇಳೀರಿ ಯಜಮಾನ್ರ. ಮ್ಯಾಲೆ ನಿಂತವರ ಕೂಡ ಮಾತಾಡಿದ್ರ ನನ್ನ ಕುತ್ತಿಗಿ ನೋಯತೈತಿ."

"ಹೇಳವ್ವ, ಕೇಳಾಕತ್ತೀನಿ."

"ಕೆಳಚಾವಡಿ ಅಡಿವೆಪ್ಪನವರು ನನ್ನ ಪಾಕ ಹೊಸಾದಲ್ಲ ಅಂದ್ರು. ಕಾಳಪ್ಪಣ್ಣನ ಅಪ್ಪ ಮೌನಪ್ಪಜ್ಜನ ಪಾಕಕ್ಕ ಒಂದು ಚಿಪ್ಪು ಕಳ್ಳಿಹಾಲು ಸುರುವಿದ್ದಷ್ಟ ಅಂತ. ಅದು ಯಾರಿಗಾದ್ರೂ ಹೊಳಿಯೂ ಮಾತು ಅಂತ. ಹೊಳಿಯೂದಿದ್ರ ಇಷ್ಟು ದಿನ ಯಾರಿಗೂ ಯಾಕ ಹೊಳೀಲಿಲ್ಲ, ಕೇಳ್ರಿ ಅವರನ್ನ."

"ಮೊರೆ ಇಡಾಕ ಬಂದೀ ಏನು? ಇಲ್ಲೂ ಇಲ್ಲ ಅಂದ್ರ ಆ ಪಾಕ ಮತ್ತ ನೀ ಮುಟ್ಟೂ ಹಂಗಿಲ್ಲ. ನಿನ್ನ ಮನಿ ಒಳಗೂ ಮುಟ್ಟೂ ಹಂಗಿಲ್ಲ. ಗೊತ್ತೈತಿಲ್ಲೋ?"

"ಗೊತ್ತೈತ್ರಿ. ಮುಟ್ಟದ ಇದ್ರ ಮತ್ತ ಕಾಳಪ್ಪನ ಇಟ್ಟಂಗಿ ಕುಟ್ಟಬೇಕು. ಅದೂ ಗೊತ್ತೈತಿ." ಆಕೆ ಸೆರಗಿನೊಳಗಿಂದ ಒಂದು ಪುಟ್ಟ ಕುಡಿಕೆ ತೆಗೆದು ಕಟ್ಟೆಯ ಮೇಲಿಟ್ಟಳು. ನಡುಮಧ್ಯೆ ಸೀಳಿ ಕೂಡಿಸಿದ್ದು. "ಒಲಿ ಮ್ಯಾಲೆ ಇಡ್ರಿ ಇದನ್ನ. ಮೌನಪ್ಪಜ್ಜಂದು ಕಟ್ಟಿಗಿ ಹಿಡೀತೈತಿ, ಬೆಂಕಿ ಕಂಡ್ರ ಬಿಡತೈತಿ. ನಂದು ಬೆಂಕಿ ಮ್ಯಾಲೆ ಕುಂತ್ರೂ ಬಿಡೂದಿಲ್ಲ."

ಹೆಸರಿಲ್ಲದ ಪಾಕದವರಿಗೆ ಊರಲ್ಲಿ ಯಾರೂ ಕೆಲಸ ಕೊಡುವುದಿಲ್ಲ. ನಾಳೆ ಅದೇ ಪಾಕಕ್ಕೆ ಇನ್ನೊಬ್ಬರ ಹೆಸರು ಬಿದ್ದರೆ ಹಚ್ಚಿಸಿಕೊಂಡ ಸಾಮಾನು ಹೋಗುತ್ತದೆ, ಹಚ್ಚಿದವಳ ಮಾನವೂ ಹೋಗುತ್ತದೆ. ಹಾಗಾಗಿ ಫಕೀರವ್ವನಿಗೆ ಇದು ಆಗಬೇಕಿತ್ತು. ಕಾಳಪ್ಪನಿಗೆ ಆಗಬಾರದಿತ್ತು. ಆತನ ತಂದೆ ಮೌನಪ್ಪನ ಪಾಕದಿಂದ ಊರಿನ ಅರ್ಧ ಬಾಗಿಲು, ಚಕ್ಕಡಿ, ಕೂರಿಗೆಗಳು ನಿಂತಿವೆ. ಎರಡೂ ಪಾಕ ಒಂದೇ ಆಗಿದ್ದು, ತಪ್ಪಿ ಫಕೀರವ್ವನ ಹೆಸರು ಕೂಗಿದರೆ ಅಷ್ಟೂ ಕಳಚಿ ಬೀಳುತ್ತದೆ.

ವಿಚಾರಣೆಯ ದಿನ ಚಾವಡಿಯ ಅಂಗಳದಲ್ಲಿ ಅರಗು ಕೆರೆಯುವುದನ್ನು ಬಿಟ್ಟು ಅರ್ಧ ಊರು ನೆರೆದಿತ್ತು. ಕಾಳಪ್ಪ ಬಿಳಿ ರುಮಾಲು ಸುತ್ತಿಕೊಂಡು, ತಂದೆಯ ಬಾಚಿಯನ್ನು ಹೆಗಲ ಮೇಲಿಟ್ಟುಕೊಂಡು ಬಂದಿದ್ದ. ಬಾಚಿಗೂ ಮೊರೆಗೂ ಏನು ಸಂಬಂಧವೋ. ನಾನು ಮೊದಲು ಮೌನಪ್ಪನ ಬೋಕಿಯನ್ನು ಕೆಂಡದ ಹತ್ತಿರ ಹಿಡಿದು, ಬೆಸುಗೆ ಮೆತ್ತಗಾಗುವ ಹೊತ್ತಿಗೆ ಎರಡೂ ಚೂರನ್ನು ಮೆಲ್ಲಗೆ ಎಳೆದೆ. ಪಾಕದ ಗುಣ ಇರುವುದು ಅದರ ಎಳೆಯಲ್ಲಿ. ಪಾಕದೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣವು ಒಂದರ ಕೈ ಒಂದು ಹಿಡಿದು ಸಾಲಾಗಿ ನಿಂತಿರುತ್ತವೆ, ಆ ಸಾಲು ಉದ್ದವಿದ್ದಷ್ಟೂ ಹಿಡಿತ ಗಟ್ಟಿ ಎಂದು ನನಗೆ ಈ ಕೆಲಸ ಕಲಿಸಿದ ಹಿರಿಯರು ಹೇಳುತ್ತಿದ್ದರು. ಮೌನಪ್ಪನ ಎಳೆ ಬೆರಳಗಲ ಬರುವಷ್ಟರಲ್ಲಿ ಸುಣ್ಣದ ಕಡ್ಡಿಯ ಹಾಗೆ ಮುರಿಯಿತು. ಫಕೀರವ್ವನ ಕುಡಿಕೆಯ ಅಂಚಿನಿಂದ ಒಂದು ಚೂರು ಕೆರೆದು ಕಾಯಿಸಿ ಎಳೆದೆ. ಗೇಣುದ್ದ ಬಂತು. ಬಿಸಿಲಿಗೆ ಹಿಡಿದರೆ ಜೇನಿನ ಬಣ್ಣ. ಕೈ ಸಡಿಲ ಬಿಟ್ಟೆ, ಎಳೆ ಸುರುಳಿಯಾಗಿ ಹಿಂದಕ್ಕೆ ಹೋಗಿ ತನ್ನ ಜಾಗ ಸೇರಿತು. ನೆರೆದವರು "ಹೋ" ಎಂದರು.

"ಅದು ಕಳ್ಳಿಹಾಲಿನ ಗುಣ" ಎಂದು ಅಡಿವೆಪ್ಪ ನನ್ನ ಕಡೆ ತಿರುಗಿದ. ಕೆಳಚಾವಡಿಯವನು, ನನಗಿಂತ ಬಹಳ ಚಿಕ್ಕವ, ಕೆಲಸದಲ್ಲಿ ಕಟ್ಟುನಿಟ್ಟು. "ಕಲ್ಮೇಶಣ್ಣ, ನಾ ಅಂದಿದ್ದೂ ಅದನ್ನ. ಹಳೇ ಪಾಕಕ್ಕ ಕಳ್ಳಿಹಾಲು ಹಾಕಿದ್ರ ಎಳಿ ಬರತೈತಿ ಅನ್ನೂದು ಯಾರಿಗೂ ಹೊಳಿಯೂ ಮಾತು."

"ನಮ್ಮಪ್ಪನ ಪಾಕಕ್ಕ ಹಾಲು ಹಾಕಿ ತಂದಾಳ ನೋಡ್ರಿ" ಎಂದು ಕಾಳಪ್ಪ ಗಂಟಲೆತ್ತಿದ. "ಸಾಯೂ ಮುಂದ ಅವಗ ಒಂದು ಗುಟುಕು ಹಾಲು ಬಿಟ್ಟಾಕಿ ಅಲ್ಲ, ಸತ್ತ ಮ್ಯಾಲೆ ಪಾಕಕ್ಕ ಕುಡಸ್ಯಾಳ!"

"ನಿಮ್ಮಪ್ಪಗ ಕಡೀಕ ಹಾಲು ಬಿಟ್ಟಾಕಿ ನಾನ ಕಾಳಪ್ಪಣ್ಣ" ಎಂದಳು ಫಕೀರವ್ವ. "ನೀ ಅವತ್ತ ಸಂತ್ಯಾಗಿದ್ದಿ."

ಜನ ನಕ್ಕರು. ಕಾಳಪ್ಪ ರುಮಾಲು ಸರಿಮಾಡಿಕೊಂಡ. ನಾನು ಆತನನ್ನೇ ಕರೆದೆ. "ಕಾಳಪ್ಪ, ನಿಮ್ಮಪ್ಪನ ಪಾಕ ನಿನಗಿಂತ ಚಲೋ ಯಾರಿಗೂ ಬರೂದಿಲ್ಲ. ಇಲ್ಲೇ ಕಲಸು. ಆಮ್ಯಾಲೆ ನಿನ್ನ ಕೈಲೇ ಕಳ್ಳಿಹಾಲು ಹಾಕು. ಎಷ್ಟು ಬೇಕೋ ಅಷ್ಟು."

ಆತ ಕೂತು ಮನಸ್ಸಿಟ್ಟೇ ಕಲಸಿದ. ಮಜ್ಜಿಗೆ ಕಾಯಿಸಿ ಒಡೆಸಿದ ಗಟ್ಟಿ, ಅರಳಿದ ಸುಣ್ಣ, ಇಟ್ಟಂಗಿ ಪುಡಿ. ಕೆಲಸಗಾರನ ಕೈ, ಒಂದು ಗಂಟಿರಲಿಲ್ಲ. ಅದಕ್ಕೆ ಕಳ್ಳಿಹಾಲು ಬಿಟ್ಟ. ಮೂರು ಸುತ್ತು ತಿರುವುವಷ್ಟರಲ್ಲಿ ಕಲಸಿದ್ದು ಗರಣೆಗಟ್ಟಿ, ಹಳದಿ ನೀರು ಬೇರೆ, ಹರಳು ಬೇರೆ ಆಯಿತು. ನಾತ ಹೊಡೆಯಿತು. ಕಮ್ಮಿ ಹಾಕಿ ಮತ್ತೆ ಕಲಸಿದ. ಅದೇ ಗತಿ. ಬಿಸಿ ಮಾಡಿ ಹಾಕಿದ. ಇನ್ನೂ ಬೇಗ ಒಡೆಯಿತು.

"ನಿಮ್ಮಪ್ಪ ಕಳ್ಳಿಹಾಲಿನ ಬಗ್ಗೆ ಎಂದರ ಏನರ ಅಂದಿದ್ದನ?" ಎಂದು ಕೇಳಿದೆ.

ಕಾಳಪ್ಪ ಕೈ ನೋಡಿಕೊಂಡ. ಹುಂಬ ಹೌದು, ಆದರೆ ಅಪ್ಪನ ಬಾಚಿ ಹೆಗಲ ಮೇಲಿಟ್ಟುಕೊಂಡು ಸುಳ್ಳು ಹೇಳುವವನಲ್ಲ. "ಹತ್ರಾನೂ ತರಬ್ಯಾಡ ಅಂತಿದ್ದ. ಪಾಕದ ಹಗಿ ಅದು ಅಂತಿದ್ದ."

"ಕೇಳಿದೇನು ಅಡಿವೆಪ್ಪ? ಹಿರಿಯಾವ ಬ್ಯಾಡ ಅಂದದ್ದನ್ನ ಈಕಿ ಮಾಡ್ಯಾಳ. ಹೊಳಿಯೂ ಮಾತಾಗಿದ್ರ ಎಲ್ಲಾರಿಗಿಂತ ಮೊದಲು ಅವಗ ಹೊಳೀತಿತ್ತು."

ಅಡಿವೆಪ್ಪ ತಲೆಯಾಡಿಸಿದ. ಆತನಲ್ಲಿ ನನಗೆ ಸೇರುತ್ತಿದ್ದ ಗುಣ ಅದು, ಸೋತದ್ದು ತಿಳಿದರೆ ಜಗ್ಗಾಡುತ್ತಿರಲಿಲ್ಲ. ಇನ್ನು ಉಳಿದದ್ದು ಫಕೀರವ್ವ ತನ್ನ ಪಾಕವನ್ನು ನನ್ನ ಕಿವಿಗೆ ಹೇಳುವುದು. ಮೇಲ್ಚಾವಡಿಯವನೊಬ್ಬನಿಗೇ ಹೇಳಬೇಕು. ಹೇಳಿದ ಮೇಲೆ ಅಂಥದ್ದು ಊರಿನ ಬೇರೆಲ್ಲೂ ಇಲ್ಲವೆಂದು ನಾನು ಕೊನೆಯ ಸಲ ನೋಡಿ ಬರಬೇಕು. ಎಲ್ಲರೂ ಎದ್ದು ಹೋದರು. ಅಂಗಳದಲ್ಲಿ ಅರಗಿನ ಸಿಪ್ಪೆ, ಕಾಳಪ್ಪನ ಒಡೆದ ಪಾಕ, ನಾವಿಬ್ಬರು.

"ಕಲಸಬಾರದ್ರಿ" ಎಂದಳು ಆಕೆ, ದನಿ ತಗ್ಗಿಸಿ. "ಎಲ್ಲಾರೂ ಕಲಸಾಕ ಹೋಗತಾರ. ಮಡಕಿ ಒಡದ ಅಂಚಿಗೆ ಕಳ್ಳಿಹಾಲು ಒಂದನ್ನ ತೀಡಬೇಕು, ಹಕ್ಕಿ ಪುಕ್ಕದಲೆ. ಬೆರಳು ಇಟ್ರ ಬೆರಳು ಹಿಡೀಬೇಕು, ಅಲ್ಲೀತನಕ ಕಾಯಬೇಕು. ಅದರ ಮ್ಯಾಲೆ ಹಾಲಿನ ಗಟ್ಟಿ, ಸುಣ್ಣ. ಹಗ್ಗ ಬಿಗೀಬೇಕು. ಒಲಿ ಹತ್ರ ಒಯ್ಯಬಾರದು. ಬಿಸಲಿಗೂ ಇಡಬಾರದು. ಹುಲ್ಲಾಗ ಸುತ್ತಿ ತಿಪ್ಪ್ಯಾಗ ಹುಗೀಬೇಕು. ತಿಪ್ಪಿ ಒಳಗಿನ ಕಾವು ನಿಮಗ ಗೊತ್ತಲ್ರಿ, ಸುಡೂದಿಲ್ಲ, ಆರೂದಿಲ್ಲ. ಬಸುರಿ ಹೊಟ್ಟಿ ಇದ್ದಂಗ. ಹುಣ್ಣಿವಿಗೆ ಹುಗದ್ರ ಅಮಾಸಿಗೆ ತಗೀಬೇಕು."

ನಾನು ಆಕೆಯ ಕುಡಿಕೆಯನ್ನು ಎತ್ತಿ ಬೆಸುಗೆಯ ಗೆರೆಯ ಮೇಲೆ ಬೆರಳಾಡಿಸಿದೆ.

"ಯಾಕ್ರೀ, ಪಾಕ ಸರಿ ಇಲ್ಲೇನು?"

"ಸರಿ ಐತವ್ವ. ಯಾರು ಹೇಳಿಕೊಟ್ಟರು ಇದನ್ನ?"

"ಯಾರು ಹೇಳತಾರ? ಎಮ್ಮಿ ಹಾಲಿನ ಗಡಿಗಿ ಒಡದಿತ್ತು. ಸಿಟ್ಟಿಗೆ ತಿಪ್ಪಿಗೆ ಒಗದಿದ್ದೆ, ಹಚ್ಚಿದ್ದು ಹತ್ತವಲ್ದು ಅಂತ. ಗೊಬ್ಬರ ತಗಿಯೂ ಮುಂದ ನೋಡ್ತೀನಿ, ಕಲ್ಲಾಗಿ ಕುಂತೈತಿ." ಆಕೆ ನಕ್ಕಳು. ಆ ನಗೆಯಲ್ಲಿ ಕದ್ದ ಮಾತಿನ ಸುಳಿವಿರಲಿಲ್ಲ. ಇಷ್ಟು ವರ್ಷ ಅದನ್ನು ಹುಡುಕುವುದೇ ನನ್ನ ಕೆಲಸವಾಗಿತ್ತು, ಇದ್ದಿದ್ದರೆ ಕಾಣುತ್ತಿತ್ತು.

ದೀಪ ಹಚ್ಚುವ ಹೊತ್ತಿಗೆ ಮನೆಗೆ ಬಂದೆ. ಒಲೆಯ ಮೇಲೆ ನನ್ನ ಸಾರಿನ ಮಡಕೆ ಇತ್ತು. ಕುತ್ತಿಗೆಯಿಂದ ತಳದವರೆಗೆ ಓರೆಯಾಗಿ ಒಂದು ಗೆರೆ. ನಿಂಬೆವ್ವ ಹೋಗುವ ಹಿಂದಿನ ವರ್ಷ ಅದನ್ನು ನಾನೇ ಎತ್ತಿ ಹಾಕಿ ಎರಡು ಹೋಳು ಮಾಡಿದ್ದೆ. ಬಿಸಾಡೆಂದರೆ ಕೇಳಲಿಲ್ಲ. ಏನೇನೋ ಹಚ್ಚಿ, ಹಗ್ಗ ಬಿಗಿದು, ಹಿತ್ತಿಲ ತಿಪ್ಪೆಯಲ್ಲಿ ಹುಗಿದಳು. "ಮಡಕಿಗೆ ಥಂಡಿ ಹತ್ತೈತೇನ?" ಎಂದು ನಾನು ಚೇಷ್ಟೆ ಮಾಡಿದ್ದೆ. "ಬೆಚ್ಚಗಿರ್ಲಿ ಬಿಡ್ರಿ" ಎಂದಿದ್ದಳು. ತೆಗೆದ ದಿನ ಒಲೆಯ ಮೇಲಿಟ್ಟು ನೀರು ಕುದಿಸಿ ತೋರಿಸಿ, "ನೋಡ್ರಿ, ನನ್ನ ಪಾಕಕ್ಕೂ ಒಂದು ಬೋಕಿ ಕಟ್ರಿ" ಎಂದಳು. ಚಾವಡಿಯವನ ಮನೆಯವರಿಗೆ ಹೆಸರು ಕೇಳುವ ಹಕ್ಕಿಲ್ಲ. ಅದು ಆಕೆಗೂ ಗೊತ್ತಿತ್ತು. "ಹೆಸರಿಲ್ಲದಿದ್ರ ಬಿಡ್ರಿ, ಮಡಕಿ ಐತಲ್ಲ" ಎಂದು ತಾನೇ ನಕ್ಕು ಬೇಳೆ ಹಾಕಿದಳು. ಏನು ಹಚ್ಚಿದ್ದಳೆಂದು ನಾನು ಕೇಳಿರಲಿಲ್ಲ. ಮನೆಯೊಳಗಿನ ಪಾಕ ಕೇಳಬಾರದೆನ್ನುವುದೂ ಚಾವಡಿಯ ಕಟ್ಟಳೆಯೇ.

ಮಡಕೆಯನ್ನು ಇಳಿಸಿ ತಿರುಗಿಸಿದೆ. ತಳದಲ್ಲಿ ಪಾಕ ಹೆಚ್ಚಾಗಿ ಒಂದು ಹನಿ ಇಳಿದು ಗಟ್ಟಿಯಾಗಿತ್ತು. ಅದರ ಮೇಲೆ ಆಕೆ ಹೆಬ್ಬೆರಳಿನಿಂದ ಒತ್ತಿದ ಗುರುತು. ಆ ಗುರುತಿಗೆ ತಾಗದಂತೆ ಅಂಚಿನಲ್ಲಿ ಒಂದು ಕಣ ಕೆರೆದು, ಕೆಂಡಕ್ಕೆ ಹಿಡಿದು ಎಳೆದೆ. ಎಳೆ ಬಂತು. ಬರುತ್ತಲೇ ಹೋಯಿತು. ಜೇನಿನ ಬಣ್ಣವನ್ನು ಆ ದೀಪದ ಬೆಳಕಿನಲ್ಲೂ ತಪ್ಪಾಗಿ ನೋಡುವಂತಿರಲಿಲ್ಲ. ಕೈ ಸಡಿಲ ಬಿಟ್ಟೆ, ಸುರುಳಿಯಾಗಿ ಹಿಂದಕ್ಕೆ ಹೋಯಿತು. ಆ ರಾತ್ರಿ ಅದರಲ್ಲಿ ಸಾರು ಮಾಡಲಿಲ್ಲ. ರೊಟ್ಟಿಗೆ ಉಪ್ಪಿನಕಾಯಿ ಹಚ್ಚಿಕೊಂಡು ತಿಂದೆ.

ಮರುದಿನ ಅಡಿವೆಪ್ಪ ಬೋಕಿಗಳನ್ನು ತೊಲೆಗೆ ಏರಿಸಿ ಕಟ್ಟಲು ಬಂದಿದ್ದ. ನಾನು ಕೆಳಗಿನಿಂದ ಒಂದೊಂದಾಗಿ ಕೊಡುತ್ತಾ ಕೇಳಿದೆ. "ಅಡಿವೆಪ್ಪ, ಒಂದು ಮಾತಿಗೆ ಕೇಳತೀನಿ. ಯಾರೋ ಒಬ್ಬಾಕಿ ಮನಿಯೊಳಗ ಒಂದು ಪಾಕ ಮಾಡಿದ್ಲು ಅನ್ನು. ಒಂದ ಮಡಕಿ. ಹೊರಗ ಯಾರೂ ನೋಡಿಲ್ಲ. ಹೇಳಿಯೂ ಇಲ್ಲ. ಈಗ ಆಕಿ ಇಲ್ಲ. ಅದು ಮೊದಲಿನದು ಅನಸತೈತೋ ಇಲ್ಲೋ?"

"ಇಲ್ಲ" ಎಂದ ಆತ, ಕೈ ನಿಲ್ಲಿಸದೆ. "ನಾಕು ಮಂದಿ ಕಣ್ಣಿಗೆ ಬಿದ್ದಿರಬೇಕು, ಕಂಡಾವ ಕಲಿಯೂ ಹಂಗ ಇರಬೇಕು. ಹಂಗಿದ್ರ ಮೊದಲಿನದು. ಒಲಿ ಮ್ಯಾಲಿನ ಮಡಕಿ ಯಾರಿಗೆ ಏನು ಕಲಸತೈತಿ? ನೀವ ಕಲಿಸಿದ ಮಾತು ಇದು ಅಣ್ಣ."

"ಆಕಿ ವಾರಸುದಾರ ಚಾವಡಿ ಕೆಲಸ ಬಿಟ್ಟು ಬಂದು, ಇದು ನಮ್ಮಾಕಿ ಪಾಕ, ಆಕಿ ಹೆಸರು ಕೂಗ್ರಿ ಅಂದ್ರ?"

ಈಗ ಅಡಿವೆಪ್ಪನ ಕೈ ನಿಂತಿತು. ಚಾವಡಿ ಕೆಲಸ ಎಂಬ ಮಾತು ನನ್ನ ಬಾಯಿಂದ ಜಾರಿ ಹೋಗಿತ್ತು. ಆತ ಏಣಿಯ ಮೇಲಿನಿಂದ ನನ್ನ ಕಡೆ ಬಾಗಿದ. "ಸತ್ತವರ ಹೆಸರು ಕೂಗಬಾರದು ಅಂತ ಎಲ್ಲೂ ಇಲ್ಲ. ಮೌನಪ್ಪಜ್ಜನ ಹೆಸರಿಲ್ಲೇನು? ಕೆಲಸ ಬಿಟ್ಟಾವಗ ಕೇಳೂ ಹಕ್ಕೂ ಐತಿ. ಆದ್ರ ಪಾಕ ಹೇಳಬೇಕಾಕ್ಕೈತಿ ಅಣ್ಣ."

"ಹೇಳತಾನ ಅನ್ನು."

"ಅವಗ ಯಾರು ಹೇಳಿಕೊಟ್ಟರು?"

ಗಾಳಿ ಬಂದು ಬೋಕಿಗಳೆಲ್ಲ ಒಂದಕ್ಕೊಂದು ತಾಗಿದವು. ನಾನು ಕೈಯಲ್ಲಿದ್ದ ಬೋಕಿಯನ್ನು ಆತನಿಗೆ ಕೊಟ್ಟೆ. ಆತ ಅದನ್ನು ಕಟ್ಟಿದ. ಉಳಿದವನ್ನೂ ಹಾಗೇ ಕೊಡುತ್ತಾ ಕಟ್ಟುತ್ತಾ ಕೆಲಸ ಮುಗಿಸಿದೆವು. ಹೋಗುವಾಗ ಆತ, "ನೀವು ಈಗ ಹ್ಞೂಂ ಅಂದ್ರ ಕೆಳಚಾವಡಿಯಿಂದ ಯಾರೂ ಏನೂ ಕೇಳೂದಿಲ್ಲ. ಉಹ್ಞೂಂ ಅಂದ್ರೂ ಕೇಳೂದಿಲ್ಲ" ಎಂದು ಹೇಳಿ ಚಪ್ಪಲಿ ಮೆಟ್ಟಿದ.

ಅದೇ ತೊಡಕು. ಯಾರೂ ಕೇಳುವವರಿರಲಿಲ್ಲ. ಕೊನೆಯ ಸಲ ನೋಡಿ ಬರುವ ಹೆಸರಿನಲ್ಲಿ ನಾನು ಓಣಿ ಓಣಿ ತಿರುಗಿದೆ. ಬಾಗಿಲಲ್ಲಿ ನಿಂತು ಮಡಕೆ ತೋರಿಸಿರೆಂದರೆ ತಂದು ತೋರಿಸುತ್ತಿದ್ದರು. ಒಳಗೆ ಬಾ ಅನ್ನುತ್ತಿರಲಿಲ್ಲ. ಎಲ್ಲೂ ಆ ಎಳೆ ಇರಲಿಲ್ಲ. ನಡೆಯುತ್ತಾ ಡಂಗುರದ ಹುಸೇನಸಾಬನ ದನಿ ಕಿವಿಯಲ್ಲಿ ಕಟ್ಟಿಕೊಂಡು ನೋಡಿದೆ. "ಕೇಳ್ರಪ್ಪೋ ಕೇಳ್ರಿ, ನಿಂಬೆವ್ವನ ಪಾಕ!" ಎಂದು ಒಂದೊಂದು ಓಣಿಯ ಮೂಲೆಗೂ ನಿಂತು ಕೂಗಿದರೆ ಹೇಗಿರುತ್ತದೆ? ಆಕೆಯ ಹೆಸರನ್ನು ಹೊರಗಿನ ಬಾಯಿಂದ ಕೇಳಿ ಅದೆಷ್ಟು ದಿನವಾಗಿತ್ತು. ಫಕೀರವ್ವ ಒಂದೊಂದು ಗಡಿಗೆ ಹಚ್ಚುವಾಗಲೂ ನನ್ನ ಹೊಸ್ತಿಲಿಗೆ ಬಂದು ಅಪ್ಪಣೆ ಕೇಳಬೇಕಾಗುತ್ತಿತ್ತು. ಯಾರಾದರೊಬ್ಬರು ನನ್ನ ಹೊಸ್ತಿಲಿಗೆ ಬಂದಂತಾಗುತ್ತಿತ್ತು. ಈ ಯೋಚನೆಯನ್ನು ಊರಿನ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಹೊತ್ತುಕೊಂಡು ಹೋದೆ. ಫಕೀರವ್ವನ ಮನೆಯ ಮುಂದೆ ಬಂದಾಗ ಆಕೆ ಎಮ್ಮೆಯ ಮೈ ತಿಕ್ಕುತ್ತಿದ್ದಳು. ಮೊರೆ ತಂದವಳು, ಹಾಗಾಗಿ ತನ್ನ ಮನೆಯ ಮುಂದೆ ನನ್ನೊಡನೆ ಮಾತಾಡುವಂತಿರಲಿಲ್ಲ, ಕೂತುಕೊಳ್ಳಿ ಅನ್ನುವಂತಿರಲಿಲ್ಲ. ಸುಮ್ಮನೆ ಎದ್ದು ನಿಂತು, ಸಗಣಿಯ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಳು. ನಿಂಬೆವ್ವನ ಹೆಸರು ಕೂಗಿಸಬೇಕೆಂದರೆ, ಅದೇ ಕೈಯವಳು ನಂಬಿ ಹೇಳಿಕೊಟ್ಟದ್ದನ್ನು ನಾನು ನಿಂಬೆವ್ವನ ಬಾಯಿಗೆ ಇಟ್ಟು ಮಾತಾಡಿಸಬೇಕಾಗಿತ್ತು. ನಿಂಬೆವ್ವ ಇದ್ದಿದ್ದರೆ ಪಡಸಾಲೆಯಲ್ಲಿ ಕೂತು ನನ್ನನ್ನು ಒಂದು ವಾರ ಬೈಯುತ್ತಿದ್ದಳು.

ಚಾವಡಿಗೆ ಹೋಗಿ, "ಮೊದಲೆಲ್ಲೂ ಇಲ್ಲ. ಪಾಕ ಹೊಸದು. ಫಕೀರವ್ವನ ಹೆಸರು ಕೂಗಬಹುದು" ಎಂದು ಹೇಳಿದೆ.

ಕೂಗುವ ದಿನ ಬೆಳಗ್ಗೆ ಊರೆಲ್ಲ ಹುಲ್ಲು ಹಾಸಿದರು. ನಾನೂ ಒಂದು ಹೊರೆ ತಂದು ಅಡುಗೆಮನೆಯ ನೆಲಕ್ಕೆ ದಪ್ಪಗೆ ಹಾಸಿ, ಮಡಕೆಯನ್ನು ಅದರ ಮೇಲಿಟ್ಟು ಎದುರಿಗೆ ಕೂತೆ. ಹುಸೇನಸಾಬನ ಹಲಿಗೆಯ ಸದ್ದು ಮೊದಲು ಮೇಲಿನ ಓಣಿಯಲ್ಲಿ ಕೇಳಿತು. "ಕೇಳ್ರಪ್ಪೋ ಕೇಳ್ರಿ, ಕಳ್ಳಿಹಾಲಿನ ತಿಪ್ಪಿ ಪಾಕ, ಫಕೀರವ್ವನ ಪಾಕ!" ಮಡಕೆ ಸಪ್ಪಳ ಮಾಡಲಿಲ್ಲ. ಗೆರೆ ಮಾತ್ರ ಕುತ್ತಿಗೆಯ ಕಡೆಯಿಂದ ಮೆಲ್ಲಗೆ ಅಗಲವಾಗುತ್ತಾ ಬಂದು, ನಿದ್ದೆಯಲ್ಲಿದ್ದವರು ಮಗ್ಗುಲು ಬದಲಿಸಿದಂತೆ ಎರಡೂ ಹೋಳು ಆಚೆಗೊಂದು ಈಚೆಗೊಂದು ಹುಲ್ಲಿನ ಮೇಲೆ ಒರಗಿದವು. ಹೊರಗೆ ಕಾಳಪ್ಪನ ಓಣಿಯಿಂದ ಜನ ಕೇಕೆ ಹಾಕಿದ್ದು ಕೇಳಿಸಿತು. ಒಂದು ಬಾಗಿಲೂ ಕಳಚಿರಲಿಲ್ಲ, ಒಂದು ಚಕ್ಕಡಿಯೂ ಕುಸಿದಿರಲಿಲ್ಲ. ಮೇಲ್ಚಾವಡಿ ಸರಿಯಾಗಿ ನೋಡಿದೆ ಎಂದು ಊರು ಮೆಚ್ಚಿತು.

ಇಳಿಹೊತ್ತಿಗೆ ಫಕೀರವ್ವ ಒಂದು ತಂಬಿಗೆ ಗಟ್ಟಿ ಮೊಸರು ತಂದಳು. ಮೊರೆ ಮುಗಿದಿತ್ತು, ಬರಬಹುದಾಗಿತ್ತು. "ಅಣ್ಣಾ, ಒಳಗ ಬರಲೇನ?" ಎಂದು ಕೇಳುತ್ತಲೇ ಒಳಗೆ ಬಂದು, ತಂಬಿಗೆ ಇಡಲು ಜಾಗ ಹುಡುಕಿ, ಹುಲ್ಲಿನ ಮೇಲಿನ ಹೋಳುಗಳನ್ನು ಕಂಡಳು. ಕುಕ್ಕರಗಾಲಲ್ಲಿ ಕೂತು ಒಂದನ್ನು ಎತ್ತಿಕೊಂಡಳು. ಅಂಚಿಗೆ ಉಗುರು ತಾಗಿಸಿ ನೋಡಿದಳು, ಮೂಸಿದಳು. ಪಾಕದವರಿಗೆ ಎಳೆ ತೆಗೆಯುವ ಅಗತ್ಯವಿಲ್ಲ.

"ನಂದ ಐತಿದು" ಎಂದಳು ಕೊನೆಗೆ.

"ಈಗ ನಿಂದು."

"ಯಾರು ಹಚ್ಚಿದ್ದರು?"

"ನಮ್ಮಾಕಿ."

"ಅಕ್ಕಾರು?" ಆಕೆ ಹೋಳನ್ನು ಕೆಳಗಿಡದೆ ನನ್ನ ಕಡೆ ತಿರುಗಿದಳು. "ಗೊತ್ತಿದ್ದು ಹ್ಞೂಂ ಅಂದ್ರಿ? ಮಡಕಿ ಹೋಗತೈತಿ ಅಂತ ಗೊತ್ತಿದ್ದೂ?"

"ಹೋಗೂದು ಮಡಕಿ ಅಷ್ಟ ಅಲ್ಲವ್ವ. ಅದಿರಲಿ ಬಿಡು. ಕಾಯ್ದೆ ಪ್ರಕಾರ ನಿನ್ನದ ಮೊದಲು."

"ಕಾಯ್ದೆ ಮನಿ ಹಾಳಾಗಲಿ!" ಎಂದವಳೇ ಅಳು ನುಂಗಿಕೊಂಡು ಎರಡನೆಯ ಹೋಳಿಗೂ ಕೈ ಹಾಕಿದಳು. "ಕೊಡ್ರಿ ಇಲ್ಲೆ. ಇವತ್ತ ಹಚ್ಚಿ ಹುಗೀತೀನಿ. ನನ್ನ ಹೆಸರಿನ ಮೊದಲನೇ ಕೆಲಸ ಇದ. ಒಂದು ದುಡ್ಡು ತಗೊಂಡ್ರ ನನ್ನ ಕೈ ಸೇದಿ ಹೋಗಲಿ. ಅಕ್ಕಾರ ಋಣ ಐತಿ ನನ್ನ ಮ್ಯಾಲೆ."

"ಹಚ್ಚಬೇಕಂದ್ರ ಹಳೇದನ್ನ ಕೆರೀಬೇಕಲ್ಲ?"

"ಕೆರೀಲಾರದ ಹ್ಯಾಂಗ ಹತ್ತತೈತಿ? ಚಂದಂಗಿ ಕೆರದು, ತೊಳದು..." ಎನ್ನುತ್ತಾ ಆಕೆ ಹೋಳನ್ನು ಮಗುಚಿದಳು. ತಳದ ಹನಿಯ ಮೇಲಿನ ಹೆಬ್ಬೆರಳಿನ ಗುರುತು ಆಕೆಯ ಕಣ್ಣಿಗೆ ಬಿತ್ತು. ತನ್ನ ಹೆಬ್ಬೆರಳನ್ನು ಅದರ ಹತ್ತಿರ ಒಯ್ದಳು, ಮುಟ್ಟಲಿಲ್ಲ. ಆ ಮೇಲೆ ಎರಡೂ ಹೋಳನ್ನು ಮಲಗಿಸಿದ ಹಾಗೆ ಹುಲ್ಲಿನ ಮೇಲಿಟ್ಟು, ಸೆರಗಿನಿಂದ ಮೂಗು ಒರೆಸಿಕೊಂಡು ಎದ್ದಳು. ಬಾಗಿಲ ತನಕ ಹೋಗಿ ನಿಂತಳು.

"ನನ್ನ ತಿಪ್ಪ್ಯಾಗ ಒಂದು ಮಡಕಿ ಜಾಗ ಬಿಟ್ಟಿರತೀನಿ. ಯಾವಾಗ ಮನಸಾಗತೈತೋ ಆವಾಗ ತರ್ರಿ."

"ಮನಸಾಗದಿದ್ರ?"

"ಬಿಟ್ಟಿರತೀನಿ ಅಂದೆನಲ್ಲ."

ನಾನು ಸಂತೆಯಿಂದ ಹೊಸ ಮಡಕೆ ತಂದೆ. ಅದರ ಸಾರಿಗೆ ಇನ್ನೂ ಮಣ್ಣಿನ ವಾಸನೆ. ಹೋಳುಗಳು ಗೂಡಿನಲ್ಲಿವೆ. ಫಕೀರವ್ವನಿಗೆ ಈಗ ಕೈತುಂಬ ಕೆಲಸ. ಕಾಳಪ್ಪನ ಹೆಂಡತಿಯೂ ಗಡಿಗೆ ಹಚ್ಚಿಸಿಕೊಂಡು ಹೋಗುತ್ತಾಳೆ. ಚಾವಡಿಗೆ ಹೋಗುವ ದಾರಿ ಆಕೆಯ ಹಿತ್ತಿಲ ಪಕ್ಕದಲ್ಲೇ ಇದೆ. ಮಾಗಿಯ ಬೆಳಗಿನಲ್ಲಿ ತಿಪ್ಪೆಯ ಮೈಯೆಲ್ಲ ಹಬೆಯಾಡುತ್ತಿರುತ್ತದೆ. ಹುಗಿದ ಒಂದೊಂದು ಗಡಿಗೆಯ ಮೇಲೂ ಗುರುತಿಗೆ ಒಂದೊಂದು ಕಡ್ಡಿ ಚುಚ್ಚಿರುತ್ತಾಳೆ. ಮೂಡಣ ಮಗ್ಗುಲಲ್ಲಿ ಮಾತ್ರ, ಬೇಗ ಕಾವು ಹಿಡಿಯುವ ಜಾಗದಲ್ಲಿ, ಮಡಕೆಯ ಹೊಟ್ಟೆಯಷ್ಟು ಅಗಲದ ಒಂದು ಗುಂಡಿ ಹಾಗೇ ಇರುತ್ತದೆ. ಆಕೆ ದಿನವೂ ಅದರೊಳಗಿನ ಹುಲ್ಲು ಬದಲಿಸುತ್ತಾಳೆ ಎಂದು ಕಾಣುತ್ತದೆ. ನಾನು ನೋಡಿದಾಗಲೆಲ್ಲ ಒಣಗಿದ ಹೊಸ ಹುಲ್ಲೇ ಇರುತ್ತದೆ. ನಾನು ಒಂದು ಗಳಿಗೆ ನಿಂತು, ಆ ಬೆಚ್ಚನೆಯ ಗುಂಡಿಯ ಮೇಲೆ ಎರಡೂ ಕೈ ಕಾಯಿಸಿಕೊಂಡು ಚಾವಡಿಗೆ ಹೋಗುತ್ತೇನೆ.